ಕೈಯಿಂದ ಕೊಟ್ಟ ಉಸಿರು

ನಾನು ಬೀದರ್ ಜಿಲ್ಲೆಯವಳು. ನರ್ಸಿಂಗ್ ಮುಗಿಸಿ ಮೊದಲು ನಾಸಿಕದಲ್ಲಿ ಕೆಲಸಕ್ಕೆ ಸೇರಿದೆ. ಆಮೇಲೆ ಔರಂಗಾಬಾದಿಗೆ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರಕ್ಕೆ ಬಂದೆ. ಅಲ್ಲಿಯೇ ನಿವೃತ್ತಳಾದೆ. ಸೇವೆಯ ಬಹುಭಾಗ ಕಳೆದದ್ದು ಐಸಿಯುನಲ್ಲಿ, ತಾವಾಗಿ ಉಸಿರಾಡಲಾಗದವರ ಹಾಸಿಗೆಗಳ ನಡುವೆ. ಯಾವ ವರ್ಷ ಇನ್‌ಚಾರ್ಜ್ ಸಿಸ್ಟರ್ ಆದೆ, ಯಾವಾಗ ಮೇಲಿನ ಹುದ್ದೆ ಸಿಕ್ಕಿತು ಎಂಬುದೆಲ್ಲ ಪಿಂಚಣಿ ಕಚೇರಿಯವರಿಗೆ ಬೇಕಾದ ಮಾತು. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಮಕ್ಕಳು ಯಂತ್ರಗಳನ್ನು ನನಗಿಂತ ಚೆನ್ನಾಗಿ ಬಲ್ಲರು. ಯಂತ್ರದ ಕೊಳವೆಯ ಇನ್ನೊಂದು ತುದಿಯಲ್ಲಿ ಮಲಗಿದವರ ಬಗ್ಗೆ ಮಾತ್ರ ನನಗೆ ಹೇಳುವುದಿದೆ.

ಶ್ವಾಸಕೋಶ ಎಂದರೇನು ಎಂದು ನನಗೆ ತೋರಿಸಿದವರು ನಾಸಿಕದ ಪಾಟೀಲ್ ಮೇಡಂ. ಅವರು ಅರಿವಳಿಕೆ ವೈದ್ಯರು. ಸಿಟ್ಟಿನ ಹೆಂಗಸು, ಸ್ಟೂಲಿನ ಮೇಲೆ ಕೂತು ಕೆಲಸ ಮಾಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನಾವು ಹೊಸಬರು ಸೇರಿದ ವಾರ ಅವರು ಕಟುಕರ ಅಂಗಡಿಯಿಂದ ಆಡಿನ ಪುಪ್ಪುಸವನ್ನು ಗಂಟಲ ಕೊಳವೆಯ ಸಮೇತ ತರಿಸಿ ಟ್ರೇ ಮೇಲೆ ಇಟ್ಟರು. ಲಿಂಗಾಯತರ ಮನೆಯಿಂದ ಬಂದ ನನಗೆ ಅದನ್ನು ನೋಡುವುದೇ ಕಷ್ಟವಾಗಿತ್ತು, ಮುಟ್ಟುವುದಂತೂ ದೂರ. ಮೇಡಂ ನನ್ನನ್ನೇ ಕರೆದು ಕೈಗೆ ಅಂಬು ಬ್ಯಾಗ್ ಕೊಟ್ಟರು. ಅಂಬು ಬ್ಯಾಗ್ ಎಂದರೆ ಒತ್ತಿದಾಗ ಗಾಳಿ ತಳ್ಳುವ, ಬಿಟ್ಟಾಗ ತಾನೇ ಉಬ್ಬಿಕೊಳ್ಳುವ ರಬ್ಬರ್ ಚೀಲ. ಅದನ್ನು ಆ ಕೊಳವೆಗೆ ಜೋಡಿಸಿ ಒತ್ತು ಎಂದರು. ಒತ್ತಿದೆ. ಕಂದು ಬಣ್ಣದ ಮುದ್ದೆಯಂತಿದ್ದದ್ದು ಅಂಚಿನಿಂದ ಅಂಚಿಗೆ ತಿಳಿಗುಲಾಬಿಯಾಗಿ ಅರಳಿತು. ಕೈ ಸಡಿಲಿಸಿದ ಕೂಡಲೇ ತಾನಾಗಿ ಕುಗ್ಗಿತು.

ಆಗ ಅವರು ಹೇಳಿದ್ದು ಇಷ್ಟು. ಇದರೊಳಗೆ ಕೋಟಿಗಟ್ಟಲೆ ಸಣ್ಣ ಗಾಳಿಚೀಲಗಳಿವೆ, ಅವುಗಳ ತೆಳು ಗೋಡೆಯ ಆಚೆ ರಕ್ತ ಹರಿಯುತ್ತದೆ. ಆಮ್ಲಜನಕ ಒಳಗೆ ಹೋಗುವುದು, ಇಂಗಾಲದ ಗಾಳಿ ಹೊರಗೆ ಬರುವುದು ಆ ಗೋಡೆಯ ಮೂಲಕವೇ. ಆದರೆ ಈ ಅಂಗಕ್ಕೆ ಕುಗ್ಗುವುದೊಂದೇ ತಾನಾಗಿ ಗೊತ್ತು. ಅರಳಬೇಕೆಂದರೆ ಬೇರೆಯವರು ಎಳೆಯಬೇಕು. ಹಾಗೆಂದು ನನ್ನ ಅಂಗೈಯನ್ನು ನನ್ನದೇ ಪಕ್ಕೆಲುಬಿನ ಕೆಳಗೆ ಇಡಿಸಿ, ಉಸಿರು ತೆಗೆದುಕೊಳ್ಳಲು ಹೇಳಿದರು. ಹೊಟ್ಟೆ ಮುಂದೆ ಬಂತು. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ. ಅದು ಕೆಳಗಿಳಿದಾಗ, ಪಕ್ಕೆಲುಬುಗಳು ಮೇಲೆದ್ದಾಗ, ಎದೆಗೂಡು ಹಿಗ್ಗಿ ಶ್ವಾಸಕೋಶವನ್ನು ಜೊತೆಗೆ ಎಳೆದುಕೊಳ್ಳುತ್ತದೆ. ಗಾಳಿ ಒಳಗೆ ಬರುತ್ತದೆ. ಆ ವಪೆಗೆ ಮೆದುಳಿನಿಂದ ಕತ್ತಿನ ಮೂಲಕ ನರವೊಂದು ಇಳಿದು ಬಂದು ಅಪ್ಪಣೆ ಕೊಡುತ್ತದೆ. ಅಪ್ಪಣೆ ತಲುಪದಿದ್ದರೆ ಎಷ್ಟು ಒಳ್ಳೆಯ ಶ್ವಾಸಕೋಶವಿದ್ದರೂ ಅದು ಆ ಟ್ರೇ ಮೇಲಿನದರ ಹಾಗೆ ಬಿದ್ದಿರುತ್ತದೆ. ಪುಸ್ತಕದಲ್ಲಿ ಓದಿದ್ದೆ. ಕೈಗೆ ಗೊತ್ತಾದದ್ದು ಅಂದು.

ಆ ಕಾಲದಲ್ಲಿ ನಮ್ಮ ವಾರ್ಡಿಗೆ ಮನ್ಮಾಡಿನಿಂದ ಗೋವಿಂದರಾವ್ ಎಂಬ ನಿವೃತ್ತ ರೈಲ್ವೆ ನೌಕರರು ಚಳಿಗಾಲ ಬಂತೆಂದರೆ ಬಂದು ಸೇರುತ್ತಿದ್ದರು. ಕಲ್ಲಿದ್ದಲು ಎಂಜಿನ್ನಿನ ಕಾಲದಿಂದ ಕೆಲಸ ಮಾಡಿದವರು, ಜೊತೆಗೆ ಬೀಡಿ. ಅವರ ಗಾಳಿಚೀಲಗಳು ಹಳೆಯ ಎಲಾಸ್ಟಿಕ್ಕಿನ ಹಾಗೆ ಸಡಿಲಾಗಿದ್ದವು. ಉಬ್ಬುತ್ತಿದ್ದವು, ಕುಗ್ಗುತ್ತಿರಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು, ಎರಡೂ ಕೈ ಮೊಣಕಾಲಿಗೆ ಊರಿ, ಬಿಸಿ ಚಹಾ ಆರಿಸುವವರ ಹಾಗೆ ತುಟಿ ಮಾಡಿ ಮೆಲ್ಲಗೆ ಊದುತ್ತಿದ್ದರು. ಹಾಗೆ ಊದಿದರೆ ಒಳಗಿನ ಸಣ್ಣ ದಾರಿಗಳು ಬೇಗ ಮುಚ್ಚಿಕೊಳ್ಳುವುದಿಲ್ಲ, ಸ್ವಲ್ಪ ಹೆಚ್ಚು ಗಾಳಿ ಹೊರಬರುತ್ತದೆ. ಅದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ದಮ್ಮಿನವರಿಗೆ ಉಸಿರು ಸಿಗುವುದಿಲ್ಲ ಎಂದು ನಾವು ತಿಳಿದಿರುತ್ತೇವೆ. ತೆಗೆದುಕೊಂಡದ್ದು ಹೊರಗೆ ಹೋಗುವುದಿಲ್ಲ ಎಂಬುದೇ ಅವರ ಕಷ್ಟ.

ಉಸಿರಿನ ಕಷ್ಟ ಅಂದರೆ ಸಿಲಿಂಡರನ್ನು ಪೂರ್ತಿ ತಿರುಗಿಸುವುದು ಆಗಿನ ವಾರ್ಡುಗಳಲ್ಲಿ ರೂಢಿ. ಒಂದು ಮಧ್ಯಾಹ್ನ ಗೋವಿಂದರಾಯರಿಗೂ ಹಾಗೆಯೇ ಹಚ್ಚಿದ್ದರು. ಅವರ ಮುಖ ಕೆಂಪಗಾಯಿತು, ಕಣ್ಣು ಎಳೆಯಿತು. ಎಷ್ಟೋ ದಿನಗಳಿಂದ ಕೂತೇ ಇದ್ದ ಮಾವ ಮಲಗಿದರಲ್ಲ ಎಂದು ಸೊಸೆ ಸಮಾಧಾನಪಟ್ಟು, ಗದ್ದಲ ಮಾಡಬೇಡಿ ಎಂದು ನಮಗೆ ಸನ್ನೆ ಮಾಡಿದಳು. ರೌಂಡ್ಸಿಗೆ ಬಂದ ಪಾಟೀಲ್ ಮೇಡಂ ನೋಡಿದವರೇ ಆಮ್ಲಜನಕ ಇಳಿಸಿದರು, ಭುಜ ಹಿಡಿದು ಅಲ್ಲಾಡಿಸಿದರು. ಅದು ನಿದ್ದೆಯಲ್ಲ, ಇಂಗಾಲದ ಗಾಳಿ ರಕ್ತದಲ್ಲಿ ತುಂಬಿ ಬಂದ ಮಂಪರು. ಇಂಥ ಹಳೆಯ ರೋಗಿಗಳಿಗೆ ಆಮ್ಲಜನಕ ಅಳತೆ ಮೀರಿದರೆ ಹೀಗಾಗುತ್ತದೆ. ಈಗ ಬೆರಳಿಗೆ ಕ್ಲಿಪ್ ಹಚ್ಚಿ ರಕ್ತದ ಆಮ್ಲಜನಕ ನೋಡಿಕೊಂಡು, ಎಷ್ಟು ಬೇಕೋ ಅಷ್ಟೇ ಕೊಡುತ್ತೀರಿ. ಆ ದಿನ ರಾಯರು ಎಚ್ಚರಗೊಂಡು ಮತ್ತೆ ಕೂತು ಊದತೊಡಗಿದರು. ಸೊಸೆ ಬಾಗಿಲ ಹಿಂದೆ ನಿಂತು ಅತ್ತಳು. ಮಾವ ಮಲಗಿದ್ದು ಅವಳಿಗೆ ಅಷ್ಟು ಸಂತೋಷ ತಂದಿತ್ತು. ಮುಂದೊಂದು ಚಳಿಗಾಲ ಅವರು ಬರಲಿಲ್ಲ. ಬರದಿದ್ದರೆ ಏನಾಯಿತೆಂದು ಇಂಥ ವಾರ್ಡಿನಲ್ಲಿ ಯಾರೂ ಕೇಳುವುದಿಲ್ಲ.

ಇನ್ನು ಹೇಳಬೇಕಾದ್ದು ಲಕ್ಷ್ಮೀಬಾಯಿಯ ವಿಷಯ. ಅದಕ್ಕಾಗಿಯೇ ಬರೆಯಲು ಕೂತೆ ಎಂದರೂ ಸುಳ್ಳಲ್ಲ.

ನಾನು ಸಂಭಾಜಿನಗರದ ದೊಡ್ಡದೊಂದು ಆಸ್ಪತ್ರೆಯಲ್ಲಿದ್ದ ವರ್ಷಗಳು. ಮಳೆಗಾಲ. ದೌಲತಾಬಾದ್ ರಸ್ತೆಯ ಕಡೆ ಕಲ್ಯಾಣ ಮಂಟಪವೊಂದರ ಕಟ್ಟಡ ಏಳುತ್ತಿತ್ತು. ಅಲ್ಲಿ ಕೆಲಸಕ್ಕೆ ಆಳಂದ ಕಡೆಯ ಒಂದು ಸಂಸಾರವಿತ್ತು. ಗಂಡ ಶರಣಪ್ಪ ಗೋಡೆ ಕಟ್ಟುವ ಗೌಂಡಿ, ಹೆಂಡತಿ ಲಕ್ಷ್ಮೀಬಾಯಿ ಸಿಮೆಂಟ್ ಮಾಲು ಕಲಸಿ ಹೊರುವವಳು, ಪೂಜಾ ಎಂಬ ಒಬ್ಬಳೇ ಮಗಳು. ಇನ್ನೂ ಶಾಲೆಗೆ ಹೋಗುವ ವಯಸ್ಸಲ್ಲ ಅವಳದು. ತಗಡಿನ ಶೆಡ್ಡಿನಲ್ಲಿ ತಾಯಿ ಮಗಳು ಒಂದೇ ಕೌದಿಯಲ್ಲಿ ನೆಲದ ಮೇಲೆ ಮಲಗಿದ್ದರು. ಬೆಳಿಗ್ಗೆ ಇಬ್ಬರಿಗೂ ಹೊಟ್ಟೆನೋವು, ವಾಂತಿ. ಹಿಂದಿನ ದಿನದ ಊಟ ಕೆಟ್ಟಿರಬೇಕು ಅಂದುಕೊಂಡರು. ಅದೇ ಊಟ ಮಾಡಿದ್ದ ಶರಣಪ್ಪನಿಗೆ ಏನೂ ಆಗಿರಲಿಲ್ಲ. ಹತ್ತಿರದಲ್ಲಿ ಯಾರೋ ಹೊಟ್ಟೆನೋವಿಗೆ ಇಂಜೆಕ್ಷನ್ ಕೊಟ್ಟರು. ಮಗಳ ಕುತ್ತಿಗೆ ನಿಲ್ಲದಾದಾಗ ಗುತ್ತಿಗೆದಾರನ ಟೆಂಪೋದಲ್ಲಿ ಹಾಕಿಕೊಂಡು ನಮ್ಮಲ್ಲಿಗೆ ಓಡಿ ಬಂದರು.

ಕೂಸು ಬಂದಾಗ ಉಸಿರು ನಿಂತಿತ್ತು. ಕ್ಯಾಜುವಾಲ್ಟಿಯಲ್ಲಿ ಬಹಳ ಹೊತ್ತು ಪ್ರಯತ್ನ ಮಾಡಿದರು. ಉಳಿಯಲಿಲ್ಲ.

ತಾಯಿ ಆಗ ಪಕ್ಕದ ಕೋಣೆಯ ಟೇಬಲಿನ ಮೇಲಿದ್ದಳು. ರೆಪ್ಪೆ ಎತ್ತಲಾಗುತ್ತಿರಲಿಲ್ಲ, ಉಗುಳು ನುಂಗಲಾಗುತ್ತಿರಲಿಲ್ಲ, ಮಾತು ಮೂಗಿನಿಂದ ಬರುತ್ತಿತ್ತು. ನಮ್ಮ ಐಸಿಯು ಮುಖ್ಯಸ್ಥರು ದೇಶಮುಖ್ ಸರ್. ಕಡಿಮೆ ಮಾತಿನ ಮನುಷ್ಯ. ಅವರು ಕೇಳಿದ್ದು ಒಂದೇ ಪ್ರಶ್ನೆ, ಎಲ್ಲಿ ಮಲಗಿದ್ದರು ಎಂದು. ನೆಲದ ಮೇಲೆ ಎಂದು, ಶರಣಪ್ಪ ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿದ್ದನ್ನು ನಾನು ಮರಾಠಿಗೆ ತಿರುಗಿಸಿ ಹೇಳಿದೆ. ಮಣ್ಯಾರ್, ಅಂದರು. ನಮ್ಮ ಕಡೆ ಕಟ್ಟುಹಾವು ಎನ್ನುತ್ತಾರೆ. ಮಲಗಿದವರನ್ನು ಕಚ್ಚುತ್ತದೆ. ನೋವಿರುವುದಿಲ್ಲ, ಬಾವು ಬರುವುದಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಸಿಗುವುದಿಲ್ಲ. ಅದರ ವಿಷ ನರದಿಂದ ಸ್ನಾಯುವಿಗೆ ಹೋಗುವ ಅಪ್ಪಣೆಯನ್ನು ಕಡಿದು ಹಾಕುತ್ತದೆ. ಮೊದಲು ರೆಪ್ಪೆ, ಆಮೇಲೆ ಗಂಟಲು, ಕುತ್ತಿಗೆ, ಕೊನೆಗೆ ವಪೆ. ಶ್ವಾಸಕೋಶಕ್ಕೆ ಏನೂ ಆಗಿರುವುದಿಲ್ಲ, ಹೃದಯಕ್ಕೂ ಇಲ್ಲ. ಎಳೆಯುವವರಿಲ್ಲದೆ ಎದೆ ನಿಂತುಹೋಗುತ್ತದೆ ಅಷ್ಟೇ. ಆ ಕೆಲವು ದಿನ ಬೇರೆ ಯಾರಾದರೂ ಉಸಿರು ಕೊಟ್ಟರೆ ರೋಗಿ ಮೊದಲಿನಂತಾಗುತ್ತಾಳೆ.

ಔಷಧ ಶುರುವಾಯಿತು, ಗಂಟಲಿಗೆ ಕೊಳವೆ ಹಾಕಿದರು. ಆದರೆ ವೆಂಟಿಲೇಟರ್ ಒಂದೂ ಖಾಲಿ ಇರಲಿಲ್ಲ. ಇಂದು ಕೆಲಸಕ್ಕೆ ಬರುವವರಿಗೆ ನಂಬುವುದು ಕಷ್ಟ, ಆಗ ತುಂಬಿದ ಆಸ್ಪತ್ರೆಗಳಲ್ಲಿ ಅಂಬು ಬ್ಯಾಗನ್ನು ರೋಗಿಯ ಮನೆಯವರ ಕೈಗೆ ಕೊಡುತ್ತಿದ್ದೆವು. ಕೊಡದೆ ಬೇರೆ ದಾರಿ ಇರಲಿಲ್ಲ. ಶರಣಪ್ಪನ ಕೈ ದೊಡ್ಡದು, ಉಗುರಿನ ಸಂದಿಯಲ್ಲಿ ಸಿಮೆಂಟ್. ಕೂಸು ಹೋದ ಸುದ್ದಿ ಕೇಳಿ ಇನ್ನೂ ಅತ್ತಿರಲಿಲ್ಲ. ಆ ಕೈಗೆ ಬ್ಯಾಗ್ ಕೊಟ್ಟು ಅವನ ಭಾಷೆಯಲ್ಲೇ ಹೇಳಿದೆ.

"ನಿಮ್ಮ ಉಸಿರಿನ ಜೋಡಿ ಒತ್ರಿ. ನೀವು ತಗೊಂಡಾಗ ಅಕಿಗೀ ಕೊಡ್ರಿ. ನೀವು ಬಿಟ್ಟಾಗ ಕೈ ಸಡ್ಲ ಬಿಡ್ರಿ, ಒಳಗಿಂದು ಹೊರಗ ಬರ್ಲಿ. ಅವಸರ ಮಾಡಬ್ಯಾಡ್ರಿ."

ಅವನು ಎರಡು ಸಲ ಒತ್ತಿ ನನ್ನ ಮುಖ ನೋಡಿದ. ಲಕ್ಷ್ಮೀಬಾಯಿಯ ಎದೆ ಏರಿ ಇಳಿಯಿತು. ಸರಿ ಎಂದು ತಲೆಯಾಡಿಸಿದೆ.

ಸ್ವಲ್ಪ ಹೊತ್ತಿಗೆ ಹೊಸ ಡಾಕ್ಟರೊಬ್ಬರು ಬಂದು ಅವಳ ರೆಪ್ಪೆ ಬಿಡಿಸಿ ಟಾರ್ಚ್ ಹಾಕಿ ನೋಡಿದರು. ಪಾಪೆ ಅಗಲವಾಗಿತ್ತು, ಬೆಳಕಿಗೆ ಕುಗ್ಗಲಿಲ್ಲ. ಕೈ ಚಿವುಟಿದರು, ಅಲುಗಲಿಲ್ಲ. ಇನ್ನೇನೂ ಉಳಿದಿಲ್ಲ ಎಂದು ಶರಣಪ್ಪನಿಗೆ ಹಿಂದಿಯಲ್ಲಿ ಹೇಳಿಬಿಟ್ಟರು. ಅವನು ಒತ್ತುವುದನ್ನು ನಿಲ್ಲಿಸಲಿಲ್ಲ. ದೇಶಮುಖ್ ಸರ್ ಬಂದು ಆ ಡಾಕ್ಟರನ್ನು ಪಕ್ಕಕ್ಕೆ ಕರೆದರು. ಈ ವಿಷದಲ್ಲಿ ಪಾಪೆಯನ್ನು ನಂಬಬಾರದು, ಅದನ್ನು ಕುಗ್ಗಿಸುವ ಸ್ನಾಯುವೂ ಕಟ್ಟಿಹೋಗಿರುತ್ತದೆ. ಮೆದುಳು ಪೂರ್ತಿ ಎಚ್ಚರ ಇರಬಹುದು ಎಂದರು. ಆಮೇಲೆ ನನ್ನ ಕಡೆ ತಿರುಗಿ, ಅವಳಿಗೆ ಎಲ್ಲ ಕೇಳಿಸುತ್ತಿದೆ ಅಂದುಕೊಂಡೇ ಕೆಲಸ ಮಾಡಿ ಸಿಸ್ಟರ್ ಎಂದು ಹೇಳಿ ಹೋದರು.

ನಾನು ಶರಣಪ್ಪನಿಗೆ ಹೇಳಿದೆ, ಅವಳಿಗೆ ಕೇಳಿಸುತ್ತದೆ, ಮಾತಾಡಿ ಎಂದು. ಅವನು ನನ್ನನ್ನು ಗೋಡೆಯ ಕಡೆಗೆ ಕಣ್ಣಿನಲ್ಲೇ ಕರೆದ. ಬ್ಯಾಗ್ ಬಿಟ್ಟು ಬರಲಾಗದಲ್ಲ, ಅದಕ್ಕೆ ನಾನೇ ಅವನ ಬಾಯಿಯ ಹತ್ತಿರ ಕಿವಿ ಕೊಟ್ಟೆ. ಪೂಜಾ ಬಗ್ಗೆ ಕೇಳಿದರೆ ಏನು ಹೇಳಲಿ ಎಂದ. ಕೇಳುವ ಸ್ಥಿತಿಯಲ್ಲಿ ಅವಳೆಲ್ಲಿದ್ದಳು! ಈಗ ಬೇಡ, ಮೊದಲು ಇವಳು ಎದ್ದು ಕೂರಲಿ ಎಂದು ಅವನ ಕಿವಿಯಲ್ಲೇ ಹೇಳಿದೆ. ಅವನು ಹೆಂಡತಿಯ ಕಡೆ ಬಾಗಿದ.

"ಲಕ್ಷ್ಮೀ, ನಾ ಇಲ್ಲೇ ಇದೀನಿ. ಪೂಜಾ ಆರಾಮ ಆಗ್ಯಾಳ. ಹೊರಗ ಕುಂತು ಬಿಸ್ಕೀಟ ತಿನ್ಲಕತ್ತಾಳ."

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಒತ್ತುತ್ತಾ ಒತ್ತುತ್ತಾ ಮಗಳ ಸುದ್ದಿ ಹೇಳುತ್ತಿದ್ದ. ಯಾರೋ ಬಲೂನ್ ಕೊಡಿಸಿದರಂತೆ. ಅವ್ವ ಎಲ್ಲಿ ಅಂತ ಕೇಳಿದಳಂತೆ. ಪಕ್ಕದ ಹಾಸಿಗೆಗಳ ಮರಾಠಿ ಜನಕ್ಕೆ ಕನ್ನಡ ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದವಳು ನಾನೊಬ್ಬಳು. ಔಷಧ ಕೊಡಲು ಆ ಹಾಸಿಗೆಯ ಹತ್ತಿರ ಹೋಗುವುದೇ ಬೇಡವೆನಿಸುತ್ತಿತ್ತು.

ಅಂದೇ ಮಧ್ಯಾಹ್ನ ಕೂಸಿನ ಪೋಸ್ಟ್‌ಮಾರ್ಟಂ ಮುಗಿದು ದೇಹ ಕೊಡುತ್ತೇವೆ ಎಂದು ಹೇಳಿಕಳಿಸಿದರು. ಕೆಲಸದ ಜಾಗದಿಂದ ನಾಲ್ಕಾರು ಜನ ಬಂದು ಕಾಯುತ್ತಿದ್ದರು. ಅವರಲ್ಲೊಬ್ಬ ಒಳಗೆ ಬಂದು ಶರಣಪ್ಪನ ಕಿವಿಯಲ್ಲಿ, ನಾನು ಒತ್ತುತ್ತೇನೆ, ನೀನು ಹೋಗಿ ಮಣ್ಣು ಕೊಟ್ಟು ಬಾ ಎಂದ. ಶರಣಪ್ಪ ಬ್ಯಾಗ್ ಬಿಡಲಿಲ್ಲ. ನೀವೇ ಮಾಡಿಬಿಡಿ, ನನಗೆ ಬರಲಾಗುವುದಿಲ್ಲ ಎಂದು ಅವನೂ ಪಿಸುಗುಟ್ಟಿದ. ತಂದೆ ಇಲ್ಲದೆ ಹೇಗೆ ಎಂದು ಅವರು ಬಾಗಿಲಾಚೆ ನಿಂತೇ ಇದ್ದರು. ನಾನು ಹೋಗಿ ಅವನ ಕೈಯ ಮೇಲೆ ಕೈಯಿಟ್ಟು, ಅವನ ಲಯಕ್ಕೇ ಜೊತೆಯಾಗಿ ಒತ್ತಿ, ಮೆಲ್ಲಗೆ ಬ್ಯಾಗನ್ನು ನನ್ನ ಕೈಗೆ ತೆಗೆದುಕೊಂಡೆ.

"ಇದು ನನ್ನ ಕೆಲಸ ಶರಣಪ್ಪ. ನೀವು ಬರೋತನಕ ಯಾರ ಕೈಗೂ ಕೊಡೂದಿಲ್ಲ," ಎಂದೆ.

ಅವನು ಹೆಂಡತಿಯ ಕಿವಿಯಲ್ಲಿ, ಪೂಜಾಗೆ ಚಹಾ ಕುಡಿಸಿಕೊಂಡು ಬರುತ್ತೇನೆ ಎಂದು ಹೇಳಿ ಹೋದ. ಆ ಸಂಜೆಯವರೆಗೆ ನಾನೇ ಒತ್ತಿದೆ. ಬೇರೆ ಹಾಸಿಗೆಗಳನ್ನು ಉಳಿದ ಸಿಸ್ಟರುಗಳು ನೋಡಿಕೊಂಡರು. ಅವನು ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ವಾಪಸು ಬಂದು ಕೈ ಚಾಚಿದ. ಕೊಟ್ಟೆ. ಪೂಜಾ ಕುಡಿದು ಮಲಗಿದಳು ಎಂದು ಹೆಂಡತಿಗೆ ಹೇಳಿದ.

ಮರುದಿನ ಪೊಲೀಸ್ ಪೇದೆಯೊಬ್ಬ ಬಂದ. ಹಾವು ಕಚ್ಚಿ ಸಾವು ಎಂದರೆ ಅವರು ಹೇಳಿಕೆ ಬರೆದುಕೊಳ್ಳಲೇಬೇಕು. ಕೆಟ್ಟ ಮನುಷ್ಯನಲ್ಲ. ಹಾಸಿಗೆಯಲ್ಲಿದ್ದವಳಿಗೆ ಪ್ರಜ್ಞೆಯಿಲ್ಲ ಎಂದು ನೋಡಿದವರೆಲ್ಲ ತಿಳಿಯುವಂತೆಯೇ ತಿಳಿದು, ಅಲ್ಲಿಯೇ ನಿಂತು ಮರಾಠಿಯಲ್ಲಿ ಕೇಳತೊಡಗಿದ. ತೀರಿಹೋದ ಮಗುವಿನ ಹೆಸರೇನು, ವಯಸ್ಸೆಷ್ಟು, ದೇಹವನ್ನು ಎಲ್ಲಿ ಹೂಳಿದಿರಿ. ಖಾಕಿ ಬಟ್ಟೆ ಕಂಡರೆ ಹೆದರುವ ಜನ. ಶರಣಪ್ಪ ಒತ್ತುತ್ತಲೇ ಒಂದೊಂದಕ್ಕೂ ಉತ್ತರ ಕೊಟ್ಟ. ವರ್ಷಗಟ್ಟಲೆ ಈ ಕಡೆ ದುಡಿದ ಲಕ್ಷ್ಮೀಬಾಯಿಗೆ ಮರಾಠಿ ಚೆನ್ನಾಗಿ ತಿಳಿಯುತ್ತಿತ್ತು. ನಾನು ಆಚೆ ಹಾಸಿಗೆಯಿಂದ ಓಡಿ ಬರುವಷ್ಟರಲ್ಲಿ ಕೇಳುವುದೆಲ್ಲ ಕೇಳಿ ಆಗಿತ್ತು. ಮಾನಿಟರಿನಲ್ಲಿ ನಾಡಿಯ ಅಂಕಿ ಏರುತ್ತಾ ಹೋಗುತ್ತಿತ್ತು. ಕಣ್ಣು ಒಣಗದಿರಲೆಂದು ಮುಲಾಮು ಹಚ್ಚಿ ಮೇಲೆ ಇಟ್ಟಿದ್ದ ಗಾಜ್ ಬಟ್ಟೆ ಒದ್ದೆಯಾಗಿತ್ತು. ಅದು ಮುಲಾಮೋ ಕಣ್ಣೀರೋ ಹೇಳುವುದು ಸಾಧ್ಯವಿರಲಿಲ್ಲ.

ಪೇದೆಯನ್ನು ಹೊರಗೆ ಕರೆದು ವಿಷಯ ಹೇಳಿದೆ. ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ನನಗೆ ಗೊತ್ತಿರಲಿಲ್ಲ ತಾಯಿ ಎಂದ. ಒಳಗೆ ಬಂದರೆ ಶರಣಪ್ಪ ನನ್ನನ್ನೇ ನೋಡುತ್ತಿದ್ದ.

"ಅಕಿಗೀ ಕೇಳ್ಸಿತೇನ್ರಿ ಅಕ್ಕೋರೆ?"

ಗೊತ್ತಿಲ್ಲ ಎಂದೆ. ಅದು ನಿಜವೇ ಆಗಿತ್ತು. ಅವನು ಹೆಂಡತಿಯ ಕಡೆ ಬಾಗಿ, ಪೂಜಾ ಇವತ್ತು ಅನ್ನ ಉಂಡಳು ಎಂದು ಮತ್ತೆ ಶುರು ಮಾಡಿದ.

ಆಮೇಲೆ ಒಂದು ವೆಂಟಿಲೇಟರ್ ಖಾಲಿಯಾಯಿತು. ಹೇಗೆ ಖಾಲಿಯಾಯಿತೆಂದು ಹೇಳುವುದು ಬೇಡ. ಯಂತ್ರ ಕೆಲಸ ವಹಿಸಿಕೊಂಡ ಮೇಲೂ ಶರಣಪ್ಪ ಪಕ್ಕದಿಂದ ಕದಲಲಿಲ್ಲ. ಕೆಲವು ದಿನ ಕಳೆದು ಲಕ್ಷ್ಮೀಬಾಯಿಯ ಹುಬ್ಬು ಅಲುಗಿತು. ಆಮೇಲೆ ಬೆರಳು. ಆಮೇಲೆ ರೆಪ್ಪೆ ಅರ್ಧ ತೆರೆಯಿತು. ಕೈ ಹಿಡಿದರೆ ಹಿಸುಕುತ್ತಿದ್ದಳು, ದಿಂಬಿನಿಂದ ತಲೆ ಎತ್ತುತ್ತಿದ್ದಳು. ಇನ್ನು ತಾನಾಗಿ ಉಸಿರಾಡಬಲ್ಲಳೇ ನೋಡೋಣ ಎಂದು ದೇಶಮುಖ್ ಸರ್ ಒಂದು ಬೆಳಿಗ್ಗೆ ಯಂತ್ರದಿಂದ ಬಿಡಿಸಿ ಕೊಳವೆಗೆ ಆಮ್ಲಜನಕ ಮಾತ್ರ ಹಚ್ಚಿಸಿದರು.

ಎದೆ ಅಲುಗಲಿಲ್ಲ.

ಉಸಿರು ತೆಗೆದುಕೋ ತಂಗಿ ಎಂದೆ. ಅವಳು ಅರ್ಧ ತೆರೆದ ಕಣ್ಣಿನಿಂದ ಸೂರು ನೋಡುತ್ತಿದ್ದಳು. ಕೈಯಲ್ಲಿ ಶಕ್ತಿಯಿತ್ತು, ಕುತ್ತಿಗೆಯಲ್ಲಿತ್ತು, ಎದೆ ಮಾತ್ರ ನಿಂತಿತ್ತು. ನಾನು ಬ್ಯಾಗಿಗೆ ಕೈ ಹಾಕಿದೆ. ತಡೆಯಿರಿ ಎಂದರು ಸರ್. ಬೆರಳಿನ ಕ್ಲಿಪ್ಪಿನ ಅಂಕಿ ಇಳಿಯಲು ಶುರುವಾಗುವಷ್ಟರಲ್ಲಿ ಅವಳ ಹೊಟ್ಟೆ ಒಮ್ಮೆ ಜೋರಾಗಿ ಮೇಲೆದ್ದಿತು. ಗಾಳಿ ಕೊಳವೆಯಲ್ಲಿ ಸದ್ದು ಮಾಡುತ್ತಾ ಒಳಗೆ ಹೋಯಿತು. ಮತ್ತೊಂದು. ಇನ್ನೊಂದು. ಯಂತ್ರಕ್ಕೆ ರೂಢಿಯಾದವರಿಗೆ ಕೆಲವೊಮ್ಮೆ ಹೀಗಾಗುತ್ತದೆ, ಇಂಗಾಲದ ಗಾಳಿ ಸ್ವಲ್ಪ ಏರಿದರೆ ಮೆದುಳು ಎಚ್ಚೆತ್ತುಕೊಳ್ಳುತ್ತದೆ ಎಂದು ಸರ್ ಹೇಳಿದರು. ನಾವೆಲ್ಲ ಹಾಗೇ ತಿಳಿದೆವು.

ಕೊಳವೆ ತೆಗೆದ ದಿನ ಅವಳ ಗಂಟಲಿನಿಂದ ದನಿ ಹೊರಡುತ್ತಿರಲಿಲ್ಲ, ಬರೀ ಪಿಸುಮಾತು. ಶರಣಪ್ಪ ಬಾಯಿಗೆ ಒದ್ದೆ ಹತ್ತಿ ಹಚ್ಚುತ್ತಾ, ಪೂಜಾಳನ್ನು ಸೈಟಿನಲ್ಲಿ ಊರವರ ಹತ್ತಿರ ಬಿಟ್ಟಿದ್ದೇನೆ, ಇಲ್ಲಿ ಮಕ್ಕಳನ್ನು ಒಳಗೆ ಬಿಡುವುದಿಲ್ಲವಂತೆ ಎಂದು ಹೇಳುತ್ತಿದ್ದ. ಸಾವಧಾನವಾಗಿ ವಿಷಯ ತಿಳಿಸುವುದು ಹೇಗೆಂದು ನಾನೂ ಸರ್ ಕೂಡ ಆ ಬೆಳಿಗ್ಗೆ ಮಾತಾಡಿಕೊಂಡಿದ್ದೆವು. ಲಕ್ಷ್ಮೀಬಾಯಿ ಗಂಡನ ಮಾತನ್ನು ಪೂರ್ತಿ ಕೇಳಿದಳು. ಆಮೇಲೆ ಅವನ ಮುಂಗೈ ಹಿಡಿದಳು.

"ಸಾಕ್ ಬಿಡ್ರಿ. ಮಣ್ಣಿಗಿ ಯಾರ್ಯಾರ್ ಬಂದಿದ್ರು?"

ಅವನ ಕೈಯಿಂದ ಹತ್ತಿ ಬಿತ್ತು. ಅವನು ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟ, ಅಲ್ಲಿಯೇ ಕೂತು ಮೊದಲ ಸಲ ಅತ್ತ. ಅವಳಿಗೆ ಕೆಳಗೆ ಬಾಗಲಾಗುತ್ತಿರಲಿಲ್ಲ. ಕೈ ಇಳಿಬಿಟ್ಟು ಅವನ ತಲೆ ಮುಟ್ಟಿದಳು. ಅಳು ನಿಂತ ಮೇಲೆ ಅವನು ಒಬ್ಬೊಬ್ಬರ ಹೆಸರು ಹೇಳಿದ. ಅವಳು ಪ್ರತಿ ಹೆಸರಿಗೂ ಹೂಂ ಎಂದಳು.

ಡಿಸ್ಚಾರ್ಜಿನ ಹಿಂದಿನ ದಿನ ನಾನು ಅವಳ ತಲೆ ಬಾಚುತ್ತಿದ್ದೆ. ಅಷ್ಟು ದಿನ ಮಲಗಿ ಕೂದಲು ಜಡೆಗಟ್ಟಿತ್ತು. ಗಂಡ ಔಷಧ ತರಲು ಹೋಗಿದ್ದ. ನಿನಗೆ ಆಗ ಎಲ್ಲ ಕೇಳಿಸುತ್ತಿತ್ತೇ ಎಂದು ಕೇಳಿದೆ. ಎಲ್ಲವೂ ಎಂದಳು. ಪೇದೆಯ ಮಾತೂ ಕೇಳಿತ್ತು. ಅದಕ್ಕಿಂತ ಮೊದಲೇ, ಗಂಡನ ಬದಲು ನನ್ನ ಕೈ ಬಂದ ಮಧ್ಯಾಹ್ನವೇ ಅವಳಿಗೆ ಅನುಮಾನ ಹುಟ್ಟಿತ್ತಂತೆ. ಚಹಾ ಕುಡಿಸಲು ಅಷ್ಟು ಹೊತ್ತು ಬೇಕೇ ಎಂದು. ಗೊತ್ತಾದ ಮೇಲೂ ಅವನು ಮಗಳ ಸುದ್ದಿ ಹೇಳುತ್ತಲೇ ಇದ್ದ. ನಿಲ್ಲಿಸು ಎನ್ನಲು ಒಂದು ಬೆರಳೂ ಅಲುಗುತ್ತಿರಲಿಲ್ಲ.

ಆಮೇಲೆ, ನಾನು ಕೇಳದಿದ್ದರೂ, ಅವಳು ಇನ್ನೊಂದು ಮಾತು ಹೇಳಿದಳು.

"ಅವತ್ತು ಮಿಶಿನ್ ತೆಗೆದ್ರಲ್ಲ ಅಕ್ಕೋರೆ, ನನಗ ಶಕ್ತಿ ಇತ್ತು. ಉಸಿರ ತಗೋಬಾರ್ದಂತ ಮಾಡಿದ್ದೆ. ಪೂಜಾ ಹ್ವಾದಂಗ ಹೋದ್ರಾಯ್ತಂತ ಗಟ್ಟಿ ಹಿಡ್ದೆ. ನಾ ತಗೊಳ್ಳಿಲ್ಲರಿ. ಅದಾ ತಗೊಂತು."

ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು. ಉಸಿರನ್ನು ನಾವು ಬೇಕೆಂದಾಗ ಹಿಡಿಯಬಹುದು, ಆದರೆ ಹಿಡಿದಷ್ಟೂ ಇಂಗಾಲದ ಗಾಳಿ ರಕ್ತದಲ್ಲಿ ಏರುತ್ತದೆ. ಮೆದುಳಿನ ಬುಡದಲ್ಲಿರುವ ಒಂದು ಜಾಗಕ್ಕೆ ಅದು ತಿಳಿಯುತ್ತದೆ. ಒಂದು ಮಿತಿ ದಾಟಿದರೆ ಆ ಜಾಗ ನಮ್ಮನ್ನು ಕೇಳದೆ ವಪೆಯನ್ನು ಎಳೆಯುತ್ತದೆ. ನರ್ಸಿಂಗ್ ಹುಡುಗಿಯರಿಗೆ ಪಾಠ ಮಾಡುವಾಗ ಎಷ್ಟೋ ಸಲ ಇದನ್ನು ಹೇಳಿದ್ದೆ. ಮತ್ತೆ ಬಾಚತೊಡಗಿದೆ.

ಜಡೆ ಹಾಕಿ ಮುಗಿಸುವ ಹೊತ್ತಿಗೆ ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಇದು ಅವ್ರಿಗಿ ಹೇಳಬ್ಯಾಡ್ರಿ. ಭಾಳ ಒತ್ಯಾರ ಅವ್ರು."

ಮರುದಿನ ಅವರು ಹೊರಟರು. ಮೊದಲು ಮಗಳನ್ನು ಹೂತ ಜಾಗಕ್ಕೆ ಹೋಗಿ, ಅಲ್ಲಿಂದ ಊರಿನ ಬಸ್ಸು ಹಿಡಿಯುವುದೆಂದು ಮಾತಾಡಿಕೊಂಡಿದ್ದರು. ಲಕ್ಷ್ಮೀಬಾಯಿ ಮೆಟ್ಟಿಲ ಹತ್ತಿರ ದಣಿವಾರಿಸಿಕೊಳ್ಳಲು ನಿಂತಳು. ಶರಣಪ್ಪ ಗಂಟು ಕೆಳಗಿಟ್ಟು ನನ್ನ ಹತ್ತಿರ ಬಂದು, ಇನ್ನು ಭಯವಿಲ್ಲವಲ್ಲ, ದಾರಿಯಲ್ಲಿ ಏನಾದರೂ ಆಗುತ್ತದೆಯೇ ಎಂದು ಕೇಳಿದ. ಅವಳ ಪುಪ್ಪುಸ ಮೊದಲಿನಿಂದಲೂ ಚೆನ್ನಾಗಿಯೇ ಇತ್ತು, ಈಗಲೂ ಇದೆ ಎಂದೆ. ಅವನಿಗೆ ಅಷ್ಟು ಸಾಲಲಿಲ್ಲ.

"ಇನ್ನ ತಾನಾ ಉಸಿರ ತಗೋತಾಳಲ್ರಿ?"

ಮೆಟ್ಟಿಲ ಬಳಿ ನಿಂತಿದ್ದ ಲಕ್ಷ್ಮೀಬಾಯಿ ನನ್ನನ್ನು ನೋಡುತ್ತಿದ್ದಳು.

"ತಗೋತಾಳ," ಎಂದೆ.